ಹಡಗಿನ ಬೆನ್ನಿಗೆ ಬಿದ್ದ ತೂತು

1837ರ ಫೆಬ್ರುವರಿ. ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಆರು ಟನ್ನಿನ ಪುಟ್ಟ ಉಗಿದೋಣಿಯೊಂದು ಓಡುತ್ತಿತ್ತು. ಅದನ್ನು ಕಟ್ಟಿಸಿದ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ರೈತ, ಎಂಜಿನಿಯರಿಂಗ್ ಕಲಿತವನಲ್ಲ. ದೋಣಿಯನ್ನು ತಳ್ಳಲು ನೀರಿನೊಳಗೆ ಎರಡು ಸುತ್ತಿನ ಮರದ ತಿರುಪನ್ನು ಕೂರಿಸಿದ್ದ. ಅಂದು ಆ ತಿರುಪು ಏನಕ್ಕೋ ಬಡಿದು ಅರ್ಧ ಮುರಿದೇಹೋಯಿತು. ಇನ್ನೇನು ದೋಣಿ ನಿಂತಿತು ಅನ್ನುವಷ್ಟರಲ್ಲಿ ಅದು ಮೊದಲಿಗಿಂತ ಜೋರಾಗಿ ಓಡತೊಡಗಿತು! ಸ್ಮಿತ್ ಆ ಮುರುಕನ್ನೇ ಗುರುವೆಂದುಕೊಂಡ. 1845ರಲ್ಲಿ ತಿರುಪಿನ ಹಡಗು ರಾಟ್ಲರ್, ಪಕ್ಕದ ಗಾಲಿಗಳಿಂದ ಓಡುವ ಹಡಗು ಅಲೆಕ್ಟೋವನ್ನು ಜಗ್ಗಾಟದಲ್ಲಿ ಹಿಂದಕ್ಕೆ ಎಳೆದೊಯ್ದಾಗ ತಿರುಪಿನ, ಅಂದರೆ ಪ್ರೊಪೆಲ್ಲರಿನ, ಗೆಲುವು ಎಲ್ಲರ ಕಣ್ಣಿಗೂ ಬಿತ್ತು.

ಆದರೆ ಆ ಗೆಲುವಿನ ಬೆನ್ನಿಗೇ ಒಂದು ತೂತು ಬಂದಿತ್ತು. ಗಾಲಿ ಹಡಗಿನ ಅಚ್ಚು ನೀರಿಗಿಂತ ಮೇಲಿರುತ್ತಿತ್ತು. ಪ್ರೊಪೆಲ್ಲರಿನ ಶಾಫ್ಟ್ ಹಾಗಲ್ಲ, ನೀರಿನಡಿಯಲ್ಲೇ ಹಡಗಿನ ಒಡಲನ್ನು ತೂರಿ ಹೊರಬರಬೇಕು. ಶಾಫ್ಟ್ ಸರಾಗವಾಗಿ ತಿರುಗಬೇಕು, ಸಮುದ್ರ ಒಳಗೆ ಬರಬಾರದು. ಕುಶಲಕರ್ಮಿಗಳು ಕೊಬ್ಬು ಸವರಿದ ನಾರಿನ ಹುರಿಯನ್ನು ಶಾಫ್ಟಿನ ಸುತ್ತ ತುರುಕಿ, ಮೇಲೊಂದು ಬಳೆಯಿಟ್ಟು ಬೋಲ್ಟ್ ಬಿಗಿದು ಅಮುಕಿದರು. ಅದೇ ಗ್ಲ್ಯಾಂಡ್. ಹೊರತುದಿಯಲ್ಲಿ ಶಾಫ್ಟಿನ ಭಾರ ಹೊರಲು ಹಿತ್ತಾಳೆಯ ಬೇರಿಂಗ್ ಇಟ್ಟರು.

ಉಪ್ಪುನೀರು, ಮರಳು, ಹಗಲಿರುಳು ತಿರುಗಾಟ. ಹಿತ್ತಾಳೆ ಸವೆಯಿತು. ಸವೆದಷ್ಟೂ ಶಾಫ್ಟ್ ಕೆಳಗೆ ಜೋತಿತು, ಗಡಗಡ ಕುಣಿಯಿತು, ಹುರಿಯನ್ನು ಜಜ್ಜಿತು. ಬೋಲ್ಟ್ ಎಷ್ಟು ಬಿಗಿದರೂ ನೀರು ಜಿನುಗುವುದು ನಿಲ್ಲಲಿಲ್ಲ. ಎಲ್ಲರ ಕಣ್ಣೂ ಸೋರುವ ಜಾಗದ ಮೇಲೆಯೇ ಇತ್ತು. ರೋಗ ಇದ್ದದ್ದು ಅದರಾಚೆ, ಬೇರಿಂಗಿನಲ್ಲಿ.

1855ರ ಡಿಸೆಂಬರ್. ಕ್ರಿಮಿಯಾ ಯುದ್ಧದ ಕಾಲ. 121 ಫಿರಂಗಿಗಳ ಬ್ರಿಟಿಷ್ ಯುದ್ಧನೌಕೆ ರಾಯಲ್ ಆಲ್ಬರ್ಟ್ ಏಜಿಯನ್ ಸಮುದ್ರದಲ್ಲಿ ಸಾಗುತ್ತಿತ್ತು. ಯಾವ ಶತ್ರುವೂ ಗುಂಡು ಹಾರಿಸಲಿಲ್ಲ. ಆದರೂ ಶಾಫ್ಟ್ ಹೊರಹೋಗುವ ಜಾಗದಲ್ಲಿ ಸಮುದ್ರ ಒಳನುಗ್ಗಿತು. ಪಂಪುಗಳಿಗೆ ಮಣಿಯಲಿಲ್ಲ. ಮುಳುಗಲು ಬಿಡುವ ಬದಲು ಹಡಗನ್ನು ಗ್ರೀಸಿನ ಕೇಯಾ ದ್ವೀಪದ ದಡಕ್ಕೆ ಹತ್ತಿಸಿದರು. ಹಡಗಿನ ಹೊಟ್ಟೆಯೊಳಗೇ ಆ ತೂತಿನ ಸುತ್ತ ಒಡ್ಡು ಕಟ್ಟಿ, ನೀರನ್ನು ತಡೆದು, ಮಾಲ್ಟಾಕ್ಕೆ ಸಾಗಿಸಿದರು. ಅಷ್ಟು ದೊಡ್ಡ ಹಡಗನ್ನು ಒಂದು ಸವೆತ ನೆಲಕ್ಕೆ ಕೂರಿಸಿತ್ತು.

ವಿಚಿತ್ರವೆಂದರೆ, ಮದ್ದು ಅಷ್ಟರಲ್ಲಿ ಸಿದ್ಧವಾಗಿತ್ತು. ಗ್ರೀನಿಚ್‌ನ ಎಂಜಿನ್ ತಯಾರಕ ಜಾನ್ ಪೆನ್ ಒಂದರ ಹಿಂದೊಂದು ಬೇರಿಂಗನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಮೇಲೆ ಭಾರ ಹೇರಿ, ಶಾಫ್ಟ್ ತಿರುಗಿಸಿ ನೋಡಿದ್ದ. ಲೋಹದ ಮೇಲೆ ಲೋಹ ತಿರುಗಿದರೆ ಎರಡೂ ಗೀರಿಕೊಂಡು ಹಾಳಾಗುತ್ತಿದ್ದವು. ಲೋಹ ಸೋತಲ್ಲಿ ಮರವನ್ನು ಹಚ್ಚುವ ಯೋಚನೆಗೆ ಎದೆಗಾರಿಕೆ ಬೇಕಿತ್ತು. ಆತ ಕೈಹಾಕಿದ ಮರಗಳಲ್ಲಿ ವೆಸ್ಟ್ ಇಂಡೀಸ್ ಕಡೆಯ ಲಿಗ್ನಮ್ ವೈಟೆ ಒಂದು. ನೀರಿಗೆ ಹಾಕಿದರೆ ಕಲ್ಲಿನಂತೆ ಮುಳುಗುವಷ್ಟು ಭಾರ, ಒಳಗೆಲ್ಲ ಅಂಟುರಾಳ. ಶತಮಾನದ ಹಿಂದೆಯೇ ಜಾನ್ ಹ್ಯಾರಿಸನ್ ಇದೇ ಮರದ ಭಾಗಗಳನ್ನಿಟ್ಟು ಎಣ್ಣೆ ಬೇಡದ ಗಡಿಯಾರ ಮಾಡಿದ್ದ. ಪೆನ್‌ನ ತೊಟ್ಟಿಯಲ್ಲಿ ಹಿತ್ತಾಳೆ ಕೈಚೆಲ್ಲಿದ ಭಾರದಡಿಯಲ್ಲೂ ಈ ಮರ ಸವೆಯದೆ ನಿಂತಿತು. 1854ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಹಡಗುಗಳು ಒಂದೊಂದಾಗಿ ಆ ಮರಕ್ಕೆ ಒಗ್ಗಿಕೊಂಡವು.

ಗುಟ್ಟು ಇಷ್ಟೇ. ಬೇರಿಂಗಿನ ಒಳಮೈಯಲ್ಲಿ ಮರದ ಪಟ್ಟಿಗಳನ್ನು ಅಂತರ ಬಿಟ್ಟು ಕೂರಿಸಿದ್ದರು. ನಡುವಿನ ಕಾಲುವೆಗಳಲ್ಲಿ ಸಮುದ್ರದ ನೀರೇ ಹರಿದು ಶಾಫ್ಟನ್ನು ತಣ್ಣಗಿಡುತ್ತಿತ್ತು, ಮರಳನ್ನು ತೊಳೆದೊಯ್ಯುತ್ತಿತ್ತು. ರಾಳ ಸೇರಿದ ಆ ಮರ ನೀರಿನಲ್ಲೇ ಜಾರುತ್ತಿತ್ತು. ಯಾವ ನೀರನ್ನು ಹೊರಗಿಡಲು ಹೆಣಗಿದ್ದರೋ ಅದೇ ನೀರು ಎಣ್ಣೆಯ ಕೆಲಸ ಮಾಡಿತು. ಶಾಫ್ಟ್ ಕುಣಿಯುವುದು ನಿಂತಿತು, ಒಳಗಿನ ಹುರಿಯ ಬಿಗಿ ಉಳಿಯಿತು.

ಇಂದು ದೋಣಿಯ ಒಡಲಿನಲ್ಲಿ ವಿದ್ಯುತ್ ಕೇಬಲ್ ಹಾಯುವ ತೂತಿಗೂ ಗ್ಲ್ಯಾಂಡನ್ನೇ ಹಾಕುತ್ತಾರೆ. ನಟ್ ತಿರುಗಿಸಿದಂತೆ ರಬ್ಬರ್ ಬಳೆ ಕೇಬಲನ್ನು ಸುತ್ತಲೂ ಅಮುಕಿ ಹಿಡಿಯುತ್ತದೆ. ಕೇಬಲ್ ತಿರುಗುವುದಿಲ್ಲ, ಆದ್ದರಿಂದ ಮರ ಬೇಕಿಲ್ಲ. ಆದರೆ ಪಕ್ಕದಲ್ಲೇ ಕ್ಲಿಪ್ ಬಿಗಿದು ಅದು ಅಲುಗದಂತೆ ನೋಡಿಕೊಳ್ಳದಿದ್ದರೆ, ಎಷ್ಟೇ ಒಳ್ಳೆಯ ಗ್ಲ್ಯಾಂಡ್ ಆದರೂ ಒಂದು ದಿನ ಸೋರುತ್ತದೆ.