ಮಷಿನ್ ತರಲು ಹೊರಟವನ ಲೆಕ್ಕದ ಪುಸ್ತಕ

ಹೋದ ವರ್ಷ ದೀಪಾವಳಿ ಮುಗಿದ ವಾರ ಗಿರಾಕಿಯೊಬ್ಬರು ನಮ್ಮ ಅಂಗಡಿಗೆ ಬಂದರು. ಮೊಬೈಲ್ ತೆಗೆದು ಒಂದು ಹೆಬ್ಬಾಗಿಲಿನ ಫೋಟೊ ತೋರಿಸಿದರು. ಮೇಲೆ ಗಣಪ, ಎರಡೂ ಬದಿ ನವಿಲು, ಕೆಳಗೆ ಕಮಲ. ‘ಆಚಾರ್ರೆ, ಇಂಥದ್ದೇ ಬೇಕು. ಎಷ್ಟು ದಿನ?’ ಅಪ್ಪ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ‘ಮೂರು ತಿಂಗಳಾದ್ರೂ ಬೇಕು’ ಎಂದ. ಅವರು ಮುಖ ಸಣ್ಣ ಮಾಡಿಕೊಂಡರು. ಕೊನೆಗೆ ದಾರವಂದ ಮತ್ತು ಕಿಟಕಿ ಮಾತ್ರ ನಮಗೆ ಬಂತು. ಬಾಗಿಲಿನ ಕೆತ್ತನೆ ಹುಬ್ಬಳ್ಳಿಗೆ ಹೋಯಿತು.

ಎಂಟೇ ದಿನದಲ್ಲಿ ಅದು ತಯಾರಾಗಿ ಬಂತು. ಅದನ್ನು ಕೂರಿಸಲು ಕರೆದದ್ದು ಮತ್ತೆ ಅಪ್ಪನನ್ನೇ. ತಿರುಪು ಬಿಗಿಯುವ ಮೊದಲು ಅಪ್ಪ ನವಿಲಿನ ಗರಿಯ ಮೇಲೆ ಬೆರಳು ಆಡಿಸಿದ. ಏನೂ ಹೇಳಲಿಲ್ಲ. ಬೈಕಿನಲ್ಲಿ ಸಿದ್ದಾಪುರಕ್ಕೆ ವಾಪಸ್ ಬರುವವರೆಗೂ ಮಾತಿಲ್ಲ.

ನಾನು ಬಿ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಎರಡು ವರ್ಷ ಬಿಲ್ಲು ತಿದ್ದಿ, ಬಾಡಿಗೆ, ಊಟ ಕಳೆದು ಉಳಿಯುವ ನಾಲ್ಕು ಸಾವಿರಕ್ಕೆ ಸಾಕಾಗಿ ಊರಿಗೆ ಬಂದವ. ಅಂದು ರಾತ್ರಿ ಊಟಕ್ಕೆ ಕೂತಾಗ, ‘ಅಪ್ಪಾ, ನಾವೂ ಒಂದು ಸಿಎನ್‌ಸಿ ಮಷಿನ್ ತರೋಣ’ ಎಂದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಹೌದೋ ತಮಾ, ಅದು ಹಾಳಾದ್ರೆ ಯಾರು ಬತ್ತಾರೆ?’ ಆಗ ನನಗೆ ನಗು ಬಂದಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಸಿಎನ್‌ಸಿ ರೌಟರ್ ಎಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡುವ ಕೊರೆಯುವ ಮೋಟಾರು, ಅಷ್ಟೇ. ಅಡ್ಡ, ಉದ್ದ, ಮೇಲೆ-ಕೆಳಗೆ, ಈ ಮೂರು ದಿಕ್ಕು. ಕೊರೆಯುವ ಮೋಟಾರಿಗೆ ಸ್ಪಿಂಡಲ್ ಎನ್ನುತ್ತಾರೆ, ನಿಮಿಷಕ್ಕೆ 24 ಸಾವಿರ ಸುತ್ತಿನವರೆಗೂ ತಿರುಗುತ್ತದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ತೂತು ಹೊಡೆದ ಕಾಗದದ ಪಟ್ಟಿಯಿಂದ ಯಂತ್ರ ಓಡಿಸಿ ತೋರಿಸಿದ್ದೇ ಇದರ ಮೂಲ. ಈಗ ಪಟ್ಟಿಯ ಬದಲು ಪೆನ್‌ಡ್ರೈವ್.

ಕೊಟೇಶನ್ ಕೇಳಿದ ಎರಡೇ ದಿನಕ್ಕೆ ವಾಟ್ಸ್‌ಆ್ಯಪ್ ತುಂಬಿತು. ಎಲ್ಲರೂ ಹೇಳಿದ್ದು ‘1325 ತಗೊಳ್ಳಿ ಸರ್’. 1300 × 2500 ಮಿ.ಮೀ., ಅಂದರೆ ನಾಲ್ಕಡಿ-ಎಂಟಡಿ ಪ್ಲೈವುಡ್ ಹಾಳೆ ಪೂರ್ತಿ ಮಲಗುವ ಮೇಜು. ನನಗೆ ಬಂದ ದರ 7 ಲಕ್ಷ. ಮೇಲೆ ಶೇ 18 ಜಿಎಸ್‌ಟಿ ಸೇರಿ 8.26 ಲಕ್ಷ. ಸಣ್ಣದು 6090. ಅದರ ಮೇಜು ಎರಡಡಿಗೆ ಮೂರಡಿ, ದರ 2.6 ಲಕ್ಷ, ತೆರಿಗೆ ಸೇರಿ 3 ಲಕ್ಷ ಚಿಲ್ಲರೆ. ‘ಅದು ಆಟಿಕೆ ಸರ್, ನೇಮ್‌ಪ್ಲೇಟ್ ಮಾಡೋಕೆ’ ಎಂದ ಮಾರಾಟಗಾರನೂ ಇದ್ದ. ನನ್ನ ಮನಸ್ಸು ಆಗಲೇ ದೊಡ್ಡದರ ಮೇಲೆ ಕೂತಿತ್ತು. ಊರಲ್ಲಿ ಲಾರಿಯಿಂದ ಇಳಿಸುವಾಗ ಜನ ನೋಡಬೇಕಲ್ಲ!

ಸಾಲಕ್ಕೆ ಸಹಿ ಹಾಕುವ ಮೊದಲು ಓಡುತ್ತಿರುವ ಮಷಿನ್ ನೋಡೋಣ ಎಂದು ಮಳೆಗಾಲದಲ್ಲೇ ಹೊರಟೆ. ಮೊದಲು ಶಿರಸಿ.

ಶಿರಸಿಯೆಂದರೆ ಮರಗೆಲಸಕ್ಕೆ ಹೊಸ ಊರಲ್ಲ. ಅಲ್ಲಿನ ಮಾರಿಕಾಂಬೆಯ ಮೂರ್ತಿಯೇ ಮರದ್ದು. ಗುಡಿಗಾರರ ಗಂಧದ ಕೆತ್ತನೆ ಎಲ್ಲಿಂದೆಲ್ಲಿಗೋ ಹೋಗಿದೆ. ಆದರೆ ನಾನು ನೋಡಿದ ಅಂಗಡಿಯಲ್ಲಿ ಗಟ್ಟಿ ಮರವೇ ಕಡಿಮೆ. ಪ್ಲೈವುಡ್, ಎಂಡಿಎಫ್, ದೇವರ ಕೋಣೆಯ ಜಾಲಿ, ಅಡುಗೆಮನೆಯ ಶಟರ್. 1325 ಮಷಿನ್ ಬೆಳಿಗ್ಗೆ ಒಂಬತ್ತರಿಂದ ಓಡುತ್ತಿತ್ತು. ಮಾಲೀಕರು ಧಾರಾಳಿ. ‘ಏನು ಬೇಕಾದ್ರೂ ಕೇಳು’ ಎಂದರು. ಉದ್ದನೆಯ ಮೇಜಿಗೆ ಹಲ್ಲುಪಟ್ಟಿ ಮತ್ತು ಹಲ್ಲುಚಕ್ರವೇ ಸರಿ, ಉದ್ದದ ಬಾಲ್‌ಸ್ಕ್ರೂ ವೇಗದಲ್ಲಿ ಹಗ್ಗದ ಹಾಗೆ ಕುಣಿಯುತ್ತದೆ ಎಂದು ತಿಳಿದದ್ದು ಅಲ್ಲೇ. ಸಣ್ಣ ಮೇಜಿಗೆ ಮಾತ್ರ ಬಾಲ್‌ಸ್ಕ್ರೂ ಒಳ್ಳೆಯದು, ನಿಖರ.

‘ಹಲಗೆ ಹಿಡಿಯಲು ವ್ಯಾಕ್ಯೂಮ್ ಮೇಜು ಬೇಕಾ?’ ಎಂದೆ. ಪ್ಲೈವುಡ್ಡಿಗೆ ಅದು ಚೆಂದ, ಆದರೆ ಸಾಗವಾನಿಯ ಹಲಗೆ ಸ್ವಲ್ಪ ಬಾಗಿದ್ದರೂ ಅಡಿಯಿಂದ ಗಾಳಿ ನುಗ್ಗುತ್ತದೆ, ಹಿಡಿತ ನಿಲ್ಲುವುದಿಲ್ಲ ಎಂದರು. ಅದರ ಪಂಪು ಸ್ಪಿಂಡಲಿಗಿಂತ ಹೆಚ್ಚು ಕರೆಂಟು ತಿನ್ನುವುದೂ ಉಂಟು. ಗಟ್ಟಿ ಮರದವರಿಗೆ ಕ್ಲ್ಯಾಂಪೇ ಗತಿ. ಇನ್ನೊಂದು ವಿಷಯ ಯಾವ ಕೊಟೇಶನ್ನಿನಲ್ಲೂ ಇರಲಿಲ್ಲ. ಮೇಜಿನ ಮೇಲೆ ಹಾಸುವ ಎಂಡಿಎಫ್ ನಮ್ಮ ಮಳೆಗಾಲದ ಥಂಡಿಗೆ ಉಬ್ಬುತ್ತದೆ. ಒಂದು ಕಡೆ ಅರ್ಧ ಮಿ.ಮೀ. ಎದ್ದರೂ ಅಕ್ಷರ ಅಲ್ಲಿ ದಪ್ಪ, ಇಲ್ಲಿ ತೆಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಆಗಾಗ ಮೇಜನ್ನೇ ಸವರಿ ಮಟ್ಟ ಮಾಡಿಕೊಳ್ಳುತ್ತಾರಂತೆ.

ಅಲ್ಲಿ ಒಂದು ಬೇಸರವೂ ಆಯಿತು. ಓಡಿಸುತ್ತಿದ್ದ ಹುಡುಗ ನನ್ನ ವಯಸ್ಸಿನವ, ಮೂಗಿಗೆ ಕರವಸ್ತ್ರವೂ ಇಲ್ಲ. ರೆಪ್ಪೆಯ ಮೇಲೆಲ್ಲ ಹಳದಿ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಪುಡಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಪುಡಿ ಎಳೆಯುವ ಡಸ್ಟ್ ಕಲೆಕ್ಟರನ್ನು ಕೊಟೇಶನ್ನಿನಲ್ಲಿ ‘ಐಚ್ಛಿಕ’ ಎಂದು ಬರೆದಿರುತ್ತಾರೆ. ನನ್ನ ಪುಸ್ತಕದಲ್ಲಿ ಅದನ್ನು ಮೊದಲ ಸಾಲಿಗೆ ತಂದೆ.

ಯಲ್ಲಾಪುರಕ್ಕೆ ಹೋದ ದಿನ ಜೋರು ಮಳೆ. ಅಲ್ಲಿಯ ಅಣ್ಣ ಒಬ್ಬರು ಸೆಕೆಂಡ್‌ಹ್ಯಾಂಡ್ ದೊಡ್ಡ ಮಷಿನ್ ತಂದಿದ್ದಾರೆ ಎಂದು ಕೇಳಿದ್ದೆ. ಶೆಡ್ಡಿನೊಳಗೆ ಹೋದರೆ ಮೇಜಿನ ಮೇಲೆ ಅಡಿಕೆ ಗೋಣಿ ಪೇರಿಸಿಟ್ಟಿದ್ದರು. ಮುಂಗಾರಿಗೆ ಮೊದಲಿನ ಸಿಡಿಲಿಗೆ ಮೋಟಾರು ನಡೆಸುವ ಡ್ರೈವರ್ ಸುಟ್ಟು ಎರಡೂವರೆ ತಿಂಗಳಾಗಿತ್ತು. ಮಾರಿದವರು ಹೊರರಾಜ್ಯದವರು. ‘ಮುಂದಿನ ವಾರ ಬರ್ತೇವೆ’ ಎನ್ನುತ್ತಲೇ ಇದ್ದರು. ಬಂದರೆ ಪ್ರಯಾಣ, ಲಾಡ್ಜು, ದಿನದ ಕೂಲಿ ಎಲ್ಲ ಇವರದೇ. ಹುಬ್ಬಳ್ಳಿ ಎಪ್ಪತ್ತು ಕಿ.ಮೀ. ಆಸುಪಾಸಿನಲ್ಲಿದ್ದರೂ ಆ ಹಳೆಯ ಬೋರ್ಡು ಅಲ್ಲಿ ಸಿಗಲಿಲ್ಲ.

ಅಪ್ಪನ ಪ್ರಶ್ನೆ ಅಲ್ಲಿ ಗೋಣಿಚೀಲ ಹೊತ್ತು ಮಲಗಿತ್ತು.

ಆ ಅಣ್ಣ ಗೋಣಿ ಸರಿಸಿ, ಚಹಾ ತರಿಸಿ, ಮೂರು ತಾಸು ಪಾಠ ಮಾಡಿದರು. ನಾನು ಕಲಿತದ್ದರಲ್ಲಿ ಹೆಚ್ಚಿನದು ಓಡುವ ಮಷಿನ್‌ನಿಂದಲ್ಲ, ಈ ಕೆಟ್ಟ ಮಷಿನ್‌ನಿಂದ. ಅವರದು ಸಾದಾ ಸ್ಟೆಪ್ಪರ್ ಮೋಟಾರು. ಗಂಟು ಸಿಕ್ಕು ಬಿಟ್ ತಡವರಿಸಿದರೆ ಅದು ಹೆಜ್ಜೆ ತಪ್ಪುತ್ತದೆ. ತಪ್ಪಿದ್ದು ಅದಕ್ಕೇ ಗೊತ್ತಾಗುವುದಿಲ್ಲ. ಕೆಲಸ ಮುಂದುವರಿಸುತ್ತದೆ. ಗೋಡೆಗೆ ಒರಗಿಸಿಟ್ಟ ಒಂದು ಹಲಗೆ ತೋರಿಸಿದರು. ಲಕ್ಷ್ಮಿಯ ಮೂಗು ಕೆನ್ನೆಗೆ ಹೋಗಿ ಕೂತಿತ್ತು. ಒಳ್ಳೆಯ ಸಾಗವಾನಿ ಹಲಗೆ. ‘ಕ್ಲೋಸ್ಡ್ ಲೂಪ್ ತಗೋ. ಹೆಜ್ಜೆ ತಪ್ಪಿದ್ರೆ ಅಲ್ಲೇ ನಿಂತು ಕೂಗ್ತದೆ’ ಎಂದರು. ಅದರ ಮೇಲಿನದು ಸರ್ವೊ, ಬೆಲೆಯೂ ಮೇಲೆಯೇ.

ಕರೆಂಟ್ ಹೋದಾಗಿನ ಕಥೆ ಇನ್ನೊಂದು. ಅವರದು ಕಂಪ್ಯೂಟರಿನೊಳಗೆ ಕಾರ್ಡ್ ಹಾಕಿ ಓಡಿಸುವ ವ್ಯವಸ್ಥೆ. ಕರೆಂಟ್ ಹೋದರೆ ವಿಂಡೋಸ್ ಸಮೇತ ಎಲ್ಲ ಮಲಗುತ್ತದೆ. ಕೈಯಲ್ಲಿ ಹಿಡಿಯುವ ಡಿಎಸ್‌ಪಿ ಕಂಟ್ರೋಲರಿನಲ್ಲಿ ನಿಂತ ಜಾಗ ನೆನಪಿಡುವ ಸೌಲಭ್ಯ ಇರುತ್ತದೆ. ಆದರೆ ಮೂರೂ ದಿಕ್ಕಿಗೆ ಹೋಮ್ ಸ್ವಿಚ್ ಇಲ್ಲದಿದ್ದರೆ ಆ ನೆನಪಿಗೆ ಅರ್ಥವಿಲ್ಲ. ಎಲ್ಲಿಂದ ಅಳೆಯಬೇಕು ಎಂಬುದೇ ಮರೆತಿರುತ್ತದಲ್ಲ. ಸ್ಪಿಂಡಲಿಗೆ ನೀರಿನ ತಂಪು ಒಳ್ಳೆಯದು, ಸದ್ದು ಕಡಿಮೆ. ಆದರೆ ಆ ಪುಟ್ಟ ಪಂಪು ನಿಂತರೆ ಸ್ಪಿಂಡಲ್ ಸುಡುತ್ತದೆ. ‘ಮಷಿನ್ ಜತೆಗೇ ಒಂದು ಡ್ರೈವರ್, ಒಂದು ಪಂಪು ಹೆಚ್ಚಿಗೆ ತಗೊಂಡು ಇಟ್ಕೊ. ಅರ್ಥಿಂಗ್ ಮಾಡಿಸದೇ ಪ್ಲಗ್ ಹಾಕಬೇಡ’ ಎಂದು ಬಸ್‌ಸ್ಟ್ಯಾಂಡಿನವರೆಗೂ ಹೇಳುತ್ತಾ ಬಂದರು.

ವಾಪಸ್ ಬಂದು ಅಪ್ಪನ ಜತೆ ಲೆಕ್ಕಕ್ಕೆ ಕೂತೆ. ಮೂರು ವರ್ಷದ ಆರ್ಡರ್ ಪುಸ್ತಕ ತೆಗೆದೆವು. ಕಿಟಕಿ, ದಾರವಂದ, ಮಂಚ, ಕೆತ್ತನೆಯ ಬಾಗಿಲು. ಪ್ಲೈವುಡ್ ಕೆಲಸ ಹುಡುಕಿದರೂ ಇಲ್ಲ. ಹಾಗಿದ್ದರೆ ಎಂಟಡಿ ಮೇಜು ಯಾಕೆ? ‘ಬಾಗಿಲು ಏಳಡಿ ಇರ್ತದಲ್ಲ’ ಎಂದೆ. ಅಪ್ಪ ನಕ್ಕ. ನಮ್ಮ ಕಡೆಯ ಹೆಬ್ಬಾಗಿಲು ಒಂದೇ ಹಲಗೆಯಲ್ಲ. ಚೌಕಟ್ಟು ಕಟ್ಟಿ, ನಡುವೆ ಗಾಡಿ ತೆಗೆದು ಹಲಗೆ ಕೂರಿಸುವುದು. ಒಂದೊಂದು ಹಲಗೆ ಒಂದಡಿಗೆ ಒಂದೂವರೆ ಅಡಿ. ಆರು ಹಲಗೆ ಬೇರೆ ಬೇರೆಯಾಗಿ ಕೆತ್ತಿ ಸೇರಿಸಬಹುದು. ಮಾರಾಟಗಾರರು ಹೇಳದ ಈ ಮಾತು ಮನೆಯಲ್ಲೇ ಇತ್ತು, ನಾನು ಕೇಳಿರಲಿಲ್ಲ.

ವೇಗದ ಲೆಕ್ಕವನ್ನೂ ಹಾಕಿದೆ. ಆ ಹಲಗೆ 300 × 450 ಮಿ.ಮೀ. ಮೊದಲು ದಪ್ಪ ಬಿಟ್ ಒರಟಾಗಿ ತೆಗೆಯುತ್ತದೆ. ನಂತರ ಸೂಜಿಯಂಥ ಬಿಟ್ 0.3 ಮಿ.ಮೀ.ಗೆ ಒಂದರಂತೆ ಗೆರೆ ಎಳೆಯುತ್ತದೆ. 1,500 ಗೆರೆ, ಒಂದೊಂದು 300 ಮಿ.ಮೀ. ಒಟ್ಟು 450 ಮೀಟರ್. ನಿಮಿಷಕ್ಕೆ 3 ಮೀಟರ್ ಎಂದರೆ ಎರಡೂವರೆ ತಾಸು. ಇಲ್ಲಿ ವೇಗ ನಿಲ್ಲುವುದು ಆ ಸೂಕ್ಷ್ಮ ಬಿಟ್‌ನ ಮೇಲೆ, ಮೇಜಿನ ಉದ್ದದ ಮೇಲಲ್ಲ. ಎಂಟು ಲಕ್ಷದ ಮಷಿನ್‌ಗೂ ಮೂರು ಲಕ್ಷದ್ದಕ್ಕೂ ಈ ನವಿಲು ಕೆತ್ತಲು ಹೆಚ್ಚುಕಡಿಮೆ ಒಂದೇ ಹೊತ್ತು.

ಇನ್ನು ದುಡ್ಡು. ಶೇ 11 ಬಡ್ಡಿಗೆ ಐದು ವರ್ಷದ ಸಾಲವಾದರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 2,175 ರೂಪಾಯಿ ಕಂತು. ದೊಡ್ಡದಕ್ಕೆ 18 ಸಾವಿರದ ಹತ್ತಿರ, ಸಣ್ಣದಕ್ಕೆ 6,700ರ ಆಸುಪಾಸು. ನಾನು ಕೇಳಿದ ಕಡೆ ಕೆತ್ತನೆಗೆ ತಾಸಿಗೆ 350 ರೂಪಾಯಿ ದರ. ದೊಡ್ಡದರ ಕಂತು ಕಟ್ಟಲಿಕ್ಕೇ ತಿಂಗಳಿಗೆ 51 ತಾಸು ಬೇರೆಯವರ ಕೆಲಸ ಮಾಡಬೇಕು. ಬಿಟ್, ಕರೆಂಟು, ನನ್ನ ಸಂಬಳ ಆಮೇಲೆ. ಸಣ್ಣದಕ್ಕೆ 19 ತಾಸು ಸಾಕು. ಒಂದು ಹೆಬ್ಬಾಗಿಲಿನ ಆರು ಹಲಗೆಗೆ ಒರಟು ತೆಗೆಯುವುದೂ ಸೇರಿ ಅಷ್ಟಾಗುತ್ತದೆ.

ನಿರುದ್ಯೋಗಿ ಗೆಳೆಯರಿಗೆ ಉಪಯೋಗವಾಗಲಿ ಎಂದು ಇದನ್ನೂ ಬರೆಯುತ್ತೇನೆ. ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ಶೇ 5 ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ ಇದೆ. ಆದರೆ ಒಂದೇ ಸಲಕ್ಕೆ ಮಷಿನ್ ಬರುವುದಿಲ್ಲ. ಪಿಎಂಇಜಿಪಿಯಲ್ಲಿ ಹಳ್ಳಿಯಲ್ಲಿ ಘಟಕ ಹಾಕುವ ಸಾಮಾನ್ಯ ವರ್ಗದವರಿಗೆ ಶೇ 25, ಹಿಂದುಳಿದ ವರ್ಗ, ಪರಿಶಿಷ್ಟರು, ಮಹಿಳೆಯರು ಮೊದಲಾದವರಿಗೆ ಶೇ 35 ಸಹಾಯಧನ. ಅದು ಹೊಸ ಘಟಕಕ್ಕೆ ಮಾತ್ರ. ಅಪ್ಪನ ಹಳೆಯ ಅಂಗಡಿಗೆ ಸಿಗದು, ನನ್ನ ಹೆಸರಿನಲ್ಲಿ ಹೊಸದು ಬೇಕು. ಆ ಹಣವೂ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ವಜಾ ಆಗುತ್ತದೆ. ಆರ್ಡರ್ ನಿಂತರೆ ಸಹಾಯಧನ ಕಂತು ಕಟ್ಟುವುದಿಲ್ಲ.

ಕಲಿಯುವ ಜಾಗಗಳೂ ಇವೆ. ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ. ಹುಬ್ಬಳ್ಳಿಯ ಜಿಟಿಟಿಸಿಯಲ್ಲಿ ಕಲಿಸುವುದು ಲೋಹದ ಸಿಎನ್‌ಸಿ, ಆದರೆ ಯಂತ್ರಕ್ಕೆ ಹೇಳುವ ಭಾಷೆ ಹೆಚ್ಚುಕಡಿಮೆ ಅದೇ. ಬಟನ್ ಒತ್ತುವುದನ್ನು ವಾರದಲ್ಲಿ ಕಲಿಯಬಹುದು. ಕಷ್ಟ ಇರುವುದು ಚಿತ್ರದಲ್ಲಿ. ಎಲ್ಲರ ಬಳಿಯೂ ಇರುವುದು ಅದೇ ಪೆನ್‌ಡ್ರೈವ್, ಅದೇ ನವಿಲು. ಹಲವರು ಬಳಸುವುದು ಆರ್ಟ್‌ಕ್ಯಾಮ್‌ನ ಕದ್ದ ಪ್ರತಿ. ಆ ತಂತ್ರಾಂಶವನ್ನು ಅದರ ಕಂಪನಿ 2018ರಲ್ಲೇ ನಿಲ್ಲಿಸಿದೆ. ನಾನು ಈಗ ಬ್ಲೆಂಡರ್, ಇಂಕ್‌ಸ್ಕೇಪ್ ಕಲಿಯುತ್ತಿದ್ದೇನೆ, ಎರಡೂ ಉಚಿತ. ಅಪ್ಪ ಕಾಗದದಲ್ಲಿ ಬರೆದ ಬಳ್ಳಿಯನ್ನು ಕಂಪ್ಯೂಟರಿಗೆ ಇಳಿಸಲು ನನಗೆ ಹನ್ನೊಂದು ದಿನ ಹಿಡಿಯಿತು.

ಕೊನೆಗೆ ತಂದದ್ದು ಎರಡಡಿ-ಮೂರಡಿಯ ‘ಆಟಿಕೆ’. ಬಾಲ್‌ಸ್ಕ್ರೂ, ಕ್ಲೋಸ್ಡ್ ಲೂಪ್ ಮೋಟಾರು, ಸಿಂಗಲ್ ಫೇಸಿನಲ್ಲೇ ಓಡುವ 2.2 ಕಿಲೋವ್ಯಾಟ್ ಸ್ಪಿಂಡಲ್, ಡಿಎಸ್‌ಪಿ, ಹೋಮ್ ಸ್ವಿಚ್. ಜತೆಗೆ ಡಸ್ಟ್ ಕಲೆಕ್ಟರ್, ಒಂದು ಹೆಚ್ಚಿನ ಡ್ರೈವರ್, ಎರಡು ಪಂಪು. ಇದಕ್ಕಿಂತ 22 ಸಾವಿರ ಕಡಿಮೆಗೆ ಬೇರೆ ಕಡೆ ಸಿಗುತ್ತಿತ್ತು. ಆದರೆ ಇದನ್ನು ರಿಪೇರಿ ಮಾಡುವವ ಹುಬ್ಬಳ್ಳಿಯಲ್ಲಿದ್ದಾನೆ. ದುಡ್ಡು ಕೊಡುವ ಮೊದಲು ಬಸ್ಸು ಹತ್ತಿ ಹೋಗಿ ಅವನ ಅಂಗಡಿ ನೋಡಿ ಬಂದೆ.

ಆಯುಧಪೂಜೆಗೆ ಎರಡು ದಿನ ಮೊದಲು ಟೆಂಪೊದಲ್ಲಿ ಬಂತು. ನೋಡಲು ಯಾರೂ ಸೇರಲಿಲ್ಲ. ಮೊದಲ ಹಲಗೆ ಮುಗಿದಾಗ ಅಪ್ಪ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ‘ಕೊರಳಿನ ಅಡಿ ಹೋಗಲಿಲ್ಲವಲ್ಲೋ’ ಎಂದ. ನಿಜ. ಬಿಟ್ ಮೇಲಿನಿಂದ ನೇರ ಇಳಿಯುವುದರಿಂದ ಮೂರು ದಿಕ್ಕಿನ ಮಷಿನ್‌ಗೆ ಅಡಿಗೆ ನುಗ್ಗಿ ಕೆತ್ತಲು ಬರುವುದಿಲ್ಲ. ಅಪ್ಪ ಸಣ್ಣ ಉಳಿ ತೆಗೆದು ನವಿಲಿನ ಕೊರಳಿನ ಹಿಂದೆ ಮರ ಬಿಡಿಸತೊಡಗಿದ. ಮುಕ್ಕಾಲು ತಾಸು. ನವಿಲು ಹಲಗೆಯಿಂದ ಎದ್ದು ಬಂದ ಹಾಗಾಯಿತು.

ಈಗ ಗಿರಾಕಿ ‘ಎಷ್ಟು ದಿನ?’ ಎಂದರೆ ಅಪ್ಪ ‘ಇಪ್ಪತ್ತು’ ಎನ್ನುತ್ತಾನೆ. ನಾನು ಹದಿನೈದು ಎನ್ನಬೇಕೆಂದಿರುತ್ತೇನೆ. ಎರಡು ಬಾಗಿಲಿನ ಆರ್ಡರ್ ಬಂದಿದೆ, ಮೂರನೆಯದಕ್ಕೆ ಮಾತು ನಡೆದಿದೆ. ಯಲ್ಲಾಪುರದ ಅಣ್ಣನಿಗೆ ಹುಬ್ಬಳ್ಳಿಯವನ ನಂಬರ್ ಕೊಟ್ಟಿದ್ದೇನೆ. ಬೋರ್ಡ್ ಬದಲಿಸಿ ಡಿಎಸ್‌ಪಿ ಹಾಕಿದರೆ ಓಡಬಹುದು ಎಂದನಂತೆ. ಗೋಣಿ ಇಳಿಸಿದ್ದಾರೆ.