ಕಸ್ತೂರಿಜಾಲಿಯ ಬೇಲಿಯನ್ನು ಬೆಳೆಸುವ ಕ್ರಮ

ತೋಟದ ಫಲವು ರೈತನ ಕೈಸೇರಬೇಕಾದರೆ ನೀರು, ಗೊಬ್ಬರಗಳಷ್ಟೇ ಬೇಲಿಯೂ ಅವಶ್ಯಕವು. ಕಡಿದ ಮುಳ್ಳನ್ನು ಒಡ್ಡಿದ ಬೇಲಿಯು ಗೆದ್ದಲಿಗೆ ತುತ್ತಾಗಿ, ಅದನ್ನು ಪದೇ ಪದೇ ಕಟ್ಟಬೇಕಾಗುವುದು. ಸಜೀವವಾದ ಬೇಲಿಗೆ ಈ ತೊಂದರೆಯಿಲ್ಲ. ಇದಕ್ಕೆ ಒಪ್ಪುವ ಗಿಡಗಳಲ್ಲಿ ಕಸ್ತೂರಿಜಾಲಿಯೂ ಒಂದು.

ಗುರುತು.— ಈ ಗಿಡವು ಅಮೆರಿಕಾ ಖಂಡದ ಉಷ್ಣಪ್ರದೇಶಗಳಿಂದ ಬಂದದ್ದು. ರೋಮ್ ನಗರದ ಫಾರ್ನೀಸ್ ಮನೆತನದ ತೋಟದಲ್ಲಿದ್ದ ಗಿಡವು 1625ರಲ್ಲಿ ಗ್ರಂಥಸ್ಥವಾದುದರಿಂದ ಸಸ್ಯಶಾಸ್ತ್ರದಲ್ಲಿ ಆ ಮನೆತನದ ಹೆಸರೇ ಇದಕ್ಕೆ ನಿಂತಿದೆ. ಎಲೆಯ ಬುಡದಲ್ಲಿ ಜೋಡಿ ಮುಳ್ಳುಗಳಿರುವುವು. ಒಣಹವೆಯಲ್ಲಿ ಎಲೆಯುದುರಿದರೂ ಮುಳ್ಳುಗಳ ಕಾವಲು ತಪ್ಪದು. ಚಳಿಗಾಲದಲ್ಲಿ ಹಳದಿಬಣ್ಣದ, ಸುವಾಸನೆಯುಳ್ಳ ಗುಂಡುಹೂಗಳು ಬಿಡುವುವು. ಕರಿಜಾಲಿಯ ಕಾಯಿ ಮಣಿಸರದಂತಿರುವುದು. ಇದರ ಕಾಯಿ ಉರುಟಾಗಿ ಉಬ್ಬಿರುವುದು. ಬಳ್ಳಾರಿಜಾಲಿಯ ಹೂವು ತೆನೆಯಂತೆ ಉದ್ದವಾದುದು. ಬೀಜವನ್ನು ಕೂಡಿಸುವಾಗ ಈ ಭೇದಗಳನ್ನು ನೋಡಿಕೊಳ್ಳತಕ್ಕದ್ದು.

ಬಿತ್ತನೆ.— ಬೀಜದ ಸಿಪ್ಪೆ ಬಹು ಗಟ್ಟಿಯಾದುದರಿಂದ ಹಾಗೆಯೇ ಬಿತ್ತಿದರೆ ಮೊಳಕೆ ತಡವಾಗಿ, ಬೇಲಿಯಲ್ಲಿ ಸಂದುಗಳು ಬೀಳುವುವು. ಕುದಿದ ನೀರನ್ನು ಒಲೆಯಿಂದಿಳಿಸಿ ಬೀಜದ ಮೇಲೆ ಹೊಯ್ದು, ಅದರಲ್ಲಿಯೇ ಒಂದು ರಾತ್ರಿ ನೆನೆಯಿಸಬೇಕು. ಬೀಜವನ್ನು ಒಲೆಯ ಮೇಲಿಟ್ಟು ಬೇಯಿಸಕೂಡದು. ಮುಂಗಾರಿನ ಹದಮಳೆ ಬಿದ್ದೊಡನೆ, ಅಗೆದು ಸಡಿಲಿಸಿದ ನೆಲದಲ್ಲಿ ಒಂದು ಅಡಿ ಅಂತರದ ಎರಡು ಸಾಲುಗಳಾಗಿ, ಅರ್ಧ ಅಂಗುಲ ಆಳಕ್ಕೆ ಬಿತ್ತಬೇಕು. ಸಸಿಗಳು ಬಂದಮೇಲೆ ಅಡಿಗೊಂದರಂತೆ ಉಳಿಸಿ, ಒಂದು ಸಾಲಿನ ಗಿಡವು ಮತ್ತೊಂದು ಸಾಲಿನ ಸಂದಿಗೆ ಎದುರಾಗುವಂತೆ ನೋಡಿಕೊಳ್ಳಬೇಕು. ಗಿಡಗಳು ಬಲಿಯುವವರೆಗೆ ಆಡುಗಳು ಮೇಯದಂತೆ ಒಣಮುಳ್ಳನ್ನು ಒಡ್ಡತಕ್ಕದ್ದು.

ಕತ್ತರಿಸುವುದು.— ಎಳೆಯ ಗಿಡಗಳ ತುದಿಯನ್ನು ಕತ್ತರಿಸಿದರೆ ಬುಡದಿಂದಲೇ ಕವಲೊಡೆದು ಬೇಲಿಯು ದಟ್ಟವಾಗುವುದು. ಬೆಳೆದ ಬೇಲಿಯನ್ನು ಹೂವು ಮುಗಿದೊಡನೆ, ಕಾಯಿ ಬಲಿಯುವುದಕ್ಕೆ ಮೊದಲು ಕತ್ತರಿಸಬೇಕು. ಇದರಿಂದ ಹೂವೂ ದೊರೆಯುವುದು, ಬೀಜವೂ ಹರಡದು.

ಹೂವಿನ ಉಪಯೋಗ.— ಫ್ರಾನ್ಸ್ ದೇಶದ ಗ್ರಾಸ್ ಪಟ್ಟಣದ ಸುತ್ತಮುತ್ತ ಈ ಹೂವಿನಿಂದ ಬೆಲೆಬಾಳುವ ಸುಗಂಧದ್ರವ್ಯವನ್ನು ತೆಗೆದದ್ದುಂಟು. ಆದರೆ ಕೊಳ್ಳುವವರು ಗೊತ್ತಾಗದೆ ಹೂವಿನ ಲಾಭವನ್ನೇ ನೆಚ್ಚಿ ನೆಡುವುದು ವಿವೇಕವಲ್ಲ.

ಎಚ್ಚರಿಕೆ.— ದನಕರುಗಳು ಕಾಯಿಯನ್ನು ತಿಂದರೆ ಬೀಜವು ಸಗಣಿಯೊಡನೆ ದೂರದ ಹೊಲಗಳನ್ನು ಸೇರುವುದು. ಬರಿದೆ ಕಡಿದ ಬುಡವು ಮತ್ತೆ ಚಿಗುರುವುದು. ಆದುದರಿಂದ ಬೇಲಿಯ ಹೊರಗೆ ಹುಟ್ಟಿದ ಸಸಿಗಳನ್ನು ಮಳೆಗಾಲದಲ್ಲಿಯೇ ಬೇರುಸಹಿತ ಕೀಳಬೇಕು. ಗೋಮಾಳದಲ್ಲಿ ಇದನ್ನು ಯಾರೂ ನೆಡದಂತೆ ಗ್ರಾಮದ ಮುಖ್ಯಸ್ಥರು ನೋಡಿಕೊಳ್ಳತಕ್ಕದ್ದು. ಒಬ್ಬನ ತೋಟವನ್ನು ಕಾಯುವ ಮುಳ್ಳು ಊರಿನ ಹುಲ್ಲುಗಾವಲನ್ನು ನುಂಗುವಂತಾಗಬಾರದು.