ಅಡುಗೆಮನೆಯ ಹೊಸ ಒಲೆ: ತಿಳಿದು ಬಳಸೋಣ

ನಮ್ಮ ನೆರೆಮನೆಗೆ ಗಲ್ಫಿನಲ್ಲಿರುವ ಮಗ ಮೈಕ್ರೋವೇವ್ ಒಲೆಯೊಂದನ್ನು ತರಿಸಿಕೊಟ್ಟ. ಅದರೊಂದಿಗಿದ್ದ ಸೂಚನಾ ಪುಸ್ತಕದಲ್ಲಿ ಇಂಗ್ಲಿಷ್, ಹಿಂದಿ, ಮಲಯಾಳಗಳಿದ್ದುವು, ಕನ್ನಡ ಇರಲಿಲ್ಲ. ಹಗಲು ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಓದಬಲ್ಲದ್ದು ಕನ್ನಡವೊಂದನ್ನೇ. ಒಂದು ದಿನ ಅವರು ಸ್ಟೀಲ್ ಲೋಟದಲ್ಲಿ ಹಾಲಿಟ್ಟು ಗುಂಡಿ ಒತ್ತಿದರು. ಲೋಟ ಒಳಗೋಡೆಗೆ ತಾಗಿ ಕಿಡಿ ಹಾರಿತು. ಪುಣ್ಯಕ್ಕೆ ಅಪಾಯವಾಗಲಿಲ್ಲ. “ಬೆಂಕಿಯೇ ಇಲ್ಲದ ಒಲೆಯಲ್ಲಿ ಕಿಡಿ ಎಲ್ಲಿಂದ ಮಾಷ್ಟ್ರೇ?” ಎಂದು ಅವರು ಕೇಳಿದ್ದೇ ಈ ಲೇಖನಕ್ಕೆ ಕಾರಣ.

1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬವರು ರಾಡಾರಿನ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತಂತೆ. ಈ ಒಲೆಯ ಹುಟ್ಟು ಅಲ್ಲಿಂದ. ಮ್ಯಾಗ್ನೆಟ್ರಾನ್ ಹೊರಡಿಸುವ ಅಲೆಗಳು ಆಹಾರದಲ್ಲಿರುವ ನೀರಿನ ಕಣಗಳನ್ನು ಅಲುಗಾಡಿಸುತ್ತವೆ. ಅದರಿಂದ ಬಿಸಿ ಹುಟ್ಟುತ್ತದೆ. ಒಲೆ ನಿಂತೊಡನೆ ಅಲೆಗಳೂ ನಿಲ್ಲುತ್ತವೆ. ಆಹಾರದಲ್ಲಿ ವಿಕಿರಣ ಉಳಿಯುತ್ತದೆಂಬ ಭಯ ಬೇಡ. ಭಯಪಡಬೇಕಾದದ್ದು ನಮ್ಮ ಅಜಾಗ್ರತೆಗೆ.

ಲೋಹವು ಅಲೆಗಳನ್ನು ಒಳಗೆ ಬಿಡದು. ಆದುದರಿಂದ ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನೂ ಚಿನ್ನದ ಅಂಚಿನ ಪಿಂಗಾಣಿಯನ್ನೂ ಇಡಬಾರದು. ಮೈಕ್ರೋವೇವಿಗೆ ತಕ್ಕುದೆಂದು ಗುರುತುಳ್ಳ ಗಾಜು, ಪಿಂಗಾಣಿಗಳೇ ಸರಿ. ಸಿಪ್ಪೆಯೊಡನೆ ಮೊಟ್ಟೆ ಇಟ್ಟರೆ ಒಳಗಿನ ಆವಿಯಿಂದ ಸಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯೂ ಹಾಗೆಯೇ.

ನೀರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನುಣುಪಾದ ಗಾಜಿನ ಲೋಟದ ನೀರು ಕೆಲವೊಮ್ಮೆ ಗುಳ್ಳೆಯೇಳದೆ ಕುದಿಯುವ ಬಿಸಿಯನ್ನೂ ಮೀರಿರುತ್ತದೆ. ಚಮಚ ಅಥವಾ ಕಾಫಿಪುಡಿ ಹಾಕಿದೊಡನೆ ಉಕ್ಕಿ ಮುಖಕ್ಕೆ ಹಾರಬಹುದು. ಹೆಚ್ಚು ಹೊತ್ತು ಕಾಯಿಸದೆ, ಒಲೆ ನಿಂತ ಬಳಿಕ ಅರ್ಧ ನಿಮಿಷ ಕಾದು ತೆಗೆಯಿರಿ.

ಅಲೆಗಳು ಆಹಾರದೊಳಗೆ ಎರಡು ಮೂರು ಸೆಂಟಿಮೀಟರಿನಷ್ಟೇ ಇಳಿಯುತ್ತವೆ. ಬಿಸಿ ಎಲ್ಲೆಡೆ ಸಮವಾಗಿರುವುದಿಲ್ಲ. ನಿನ್ನೆಯ ಸಾಂಬಾರನ್ನು ನಡುವೆ ಕಲಕಿ, ಹಬೆಯಾಡುವವರೆಗೆ ಕಾಯಿಸಬೇಕು. ಶಿಶುವಿನ ಹಾಲಿನ ಬಾಟಲಿಯನ್ನು ಇದರಲ್ಲಿ ಕಾಯಿಸಲೇಬಾರದು. ಬಾಟಲಿ ಹೊರಗೆ ಉಗುರುಬೆಚ್ಚಗಿದ್ದರೂ ಒಳಗಿನ ಹಾಲು ಮಗುವಿನ ಬಾಯಿ ಸುಟ್ಟೀತು.

ಒಲೆಯನ್ನು ಖಾಲಿ ಓಡಿಸಬಾರದು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಳಸಬಾರದು. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯದೆ ಸ್ವಿಚ್ಚು ಆರಿಸಿರಿ. ಅರ್ತಿಂಗ್ ಇರುವ ಮೂರು ಕಾಲಿನ ಪ್ಲಗ್ಗೇ ಆಗಬೇಕು. ತುಲಾ ಮಾಸದ ಗುಡುಗು ಮಿಂಚು ಶುರುವಾಗುವ ಮೊದಲೇ ಅದನ್ನು ಕಿತ್ತಿಡಿರಿ. ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಹಾಗಾಗಿ ರಿಪೇರಿಯನ್ನು ಬಲ್ಲವರಿಗೇ ಬಿಡಿರಿ.

ನೆರೆಮನೆಯ ಮೊಮ್ಮಗಳು ನಮ್ಮ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ಇವಿಷ್ಟನ್ನೂ ಅವಳಿಂದ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದೇವೆ. ಅಜ್ಜಿ ಈಗ ಓದಿ ನೋಡಿಯೇ ಗುಂಡಿ ಒತ್ತುತ್ತಾರೆ. ಪುಸ್ತಕದಲ್ಲಿ ನಮ್ಮ ಭಾಷೆ ಬರುವವರೆಗೆ ಕಾಯಬೇಕಾಗಿಲ್ಲ. ನಮ್ಮ ಗೋಡೆಯ ಮೇಲೆ ನಾವೇ ಬರೆದುಕೊಳ್ಳೋಣ.